ಮೂವತ್ತನೆಯ ಊರು

ಸಂಶೋಧನಾ ಲೇಖನಗಳ ಪುಸ್ತಕ ಕೈಗೆ ಬಂದ ದಿನ ಸಮತಾ ಶಿಗ್ಗಾಂವಿಯ ಕೋರ್ಟಿನ ವರಾಂಡದಲ್ಲೇ ನಿಂತು ಪುಟ ತಿರುವಿದಳು. ಸವಣೂರಿನ ಕಾಲೇಜೊಂದರಲ್ಲಿ ನಡೆದ ವಿಚಾರ ಸಂಕಿರಣದ ಪುಸ್ತಕ ಅದು. ತತ್ವಶಾಸ್ತ್ರ, ವಿಜ್ಞಾನ, ಕಾನೂನು, ಶಿಕ್ಷಣ ಎಂದು ನಾಲ್ಕು ಭಾಗ, ಒಟ್ಟು ನಲವತ್ತು ಲೇಖನ. ಕಾನೂನಿನ ಭಾಗದಲ್ಲಿ ಅವಳ ಲೇಖನವಿತ್ತು: 'ಕುಡಿಯುವ ನೀರಿನ ಹಕ್ಕು: ಮೂವತ್ತು ಊರುಗಳ ಪಂಚಾಯತಿ ಠರಾವುಗಳ ಅಧ್ಯಯನ'. ಕೆಳಗಿದ್ದ ಹೆಸರು ಮಾತ್ರ ಅವಳದಲ್ಲ. ಮಾಲತೇಶ, ಅತಿಥಿ ಉಪನ್ಯಾಸಕ, ರಸಾಯನಶಾಸ್ತ್ರ, ಹಿರೇಕೆರೂರು.

ಈ ಒಂದು ಲೇಖನಕ್ಕಾಗಿ ಅವಳು ಎರಡು ವರ್ಷ ಊರೂರು ಅಲೆದಿದ್ದಳು. ಪ್ರಕಟವಾದ ಲೇಖನವಿಲ್ಲದೆ ಪಿಎಚ್‌.ಡಿ. ಮಹಾಪ್ರಬಂಧ ಸಲ್ಲಿಸುವಂತಿರಲಿಲ್ಲ. ಪುಸ್ತಕದ ಕೊನೆಯಲ್ಲಿ ಅವನ ಹೆಸರಿನ ಮುಂದಿದ್ದ ನಂಬರಿಗೆ ಫೋನ್ ಮಾಡಿ, ನಮಸ್ಕಾರವನ್ನೂ ಹೇಳದೆ, ಬೇರೆಯವರ ಬರವಣಿಗೆಗೆ ತಮ್ಮ ಹೆಸರು ಹಾಕಿಕೊಳ್ಳುವುದು ಎಲ್ಲಿಯ ರಸಾಯನಶಾಸ್ತ್ರ ಎಂದು ಕೇಳಿದಳು.

"ನೂರಾ ನಾಲ್ಕನೇ ಪುಟ ನೋಡ್ರಿ," ಎಂದಿತು ಆ ಕಡೆಯ ದನಿ. "ನಂದು ನಿಮ್ಮ ಹೆಸರಿಲೆ ಬಂದೈತಿ."

ನೋಡಿದಳು. 'ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್' ಎಂಬ ಲೇಖನದ ಕೆಳಗೆ 'ಸಮತಾ, ವಕೀಲರು, ಶಿಗ್ಗಾಂವಿ' ಎಂದಿತ್ತು.

"ನಿಮ್ದು ಪೂರಾ ಓದಿದೆ," ಎಂದ ಅವನು. "ಆ ಲೇಖನದ ಹನ್ನೊಂದನೇ ಪುಟದ ಅಡಿಟಿಪ್ಪಣಿ ಭಾಳ ಸೇರ್ತು."

ಆ ಅಡಿಟಿಪ್ಪಣಿಯಲ್ಲಿ ಅವಳು ಹೀಗೆ ಬರೆದಿದ್ದಳು: 'ಈ ಊರಿನ ಠರಾವು ಪುಸ್ತಕ ನೋಡಲು ಮೂರು ಸಲ ಹೋಗಬೇಕಾಯಿತು. ಮೂರನೆಯ ಸಲ ಕುರ್ಚಿ ಕೊಟ್ಟರು.' ಮಾರ್ಗದರ್ಶಕರು ಅದನ್ನು ತೆಗೆಯಲು ಹೇಳಿದ್ದರು. ಅವಳು ತೆಗೆದಿರಲಿಲ್ಲ.

ಪುಸ್ತಕದ ಸಂಪಾದಕಿ ಗೌಹರ ಮೇಡಂ. ಸವಣೂರಿನಲ್ಲಿ ಮೂವತ್ತು ವರ್ಷ ತತ್ವಶಾಸ್ತ್ರ ಕಲಿಸಿದವರು. ತಪ್ಪು ತಮ್ಮದೇ ಎಂದು ಇಬ್ಬರಿಗೂ ಹೇಳಿ, ತಿದ್ದುಪಡಿ ಚೀಟಿ ಅಚ್ಚು ಹಾಕಿಸಿದರು. ಮುನ್ನೂರು ಪ್ರತಿಗಳಿಗೆ ಅವರೊಬ್ಬರೇ ಚೀಟಿ ಅಂಟಿಸಬೇಕಲ್ಲ ಎಂದು ಸಮತಾ ಶನಿವಾರ ಮಧ್ಯಾಹ್ನ ಸವಣೂರಿಗೆ ಹೋದಳು. ಗ್ರಂಥಾಲಯದ ಮೇಜಿನ ಮುಂದೆ ಆಗಲೇ ಒಬ್ಬ ಕೂತಿದ್ದ. ಅಂಗಿಯ ತೋಳು ಮಡಚಿದ್ದ, ಬೆರಳಿಗೆಲ್ಲ ಅಂಟು ಮೆತ್ತಿಕೊಂಡಿದ್ದ.

ಫೋನಿನಲ್ಲಿ ಬೈದದ್ದಕ್ಕೆ ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಬಂದಿದ್ದಳು. ಅವನು ತಲೆಯೆತ್ತಿ ನೋಡಿದ. ನೋಟ ಒಂದು ಗಳಿಗೆ ಹೆಚ್ಚೇ ನಿಂತಿತು. ಆಮೇಲೆ ಅವನು ಚೀಟಿಯನ್ನು ತಲೆಕೆಳಗಾಗಿ ಅಂಟಿಸಿದ.

"ಉಲ್ಟಾ ಆತಲ್ರಿ," ಎಂದಳು ಸಮತಾ.

ಮಾಲತೇಶನ ಕಿವಿ ಕೆಂಪಾದವು. ಕ್ಷಮೆ ಕೇಳುವುದನ್ನು ಅವಳು ಮರೆತೇಬಿಟ್ಟಳು.

ಎರಡು ಶನಿವಾರ ಅಂಟಿಸಿದರು. ಎರಡನೆಯ ಶನಿವಾರ ಅವನು ಅವಳ ಕೋಷ್ಟಕದ ಪಕ್ಕದಲ್ಲಿ ತನ್ನ ಕೋಷ್ಟಕ ಇಟ್ಟ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಎರಡು ಕೊಳವೆಬಾವಿಯಿಂದ ನೀರು ಹಂಚಿಕೊಳ್ಳುವ ಊರುಗಳ ಒಂದೇ ಪಟ್ಟಿಯಿಂದ ಇಬ್ಬರೂ ಕೆಲಸ ಮಾಡಿದ್ದರು. ಯಾವ ಓಣಿಗೆ ಯಾವ ಬಾವಿಯನ್ನು ಜೋಡಿಸಬೇಕೆಂದು ಪಂಚಾಯತಿ ತೀರ್ಮಾನಿಸಿದ್ದು ಅವಳ ಬಳಿ ಇತ್ತು. ಯಾವ ಬಾವಿಯ ನೀರಿನಲ್ಲಿ ಏನಿದೆ ಎಂಬುದು ಅವನ ಬಳಿ ಇತ್ತು. ಎರಡನ್ನೂ ಕೂಡಿಸಿ ಓದಿದಾಗ ಹನ್ನೊಂದು ಊರುಗಳಲ್ಲಿ ಕೆಟ್ಟ ನೀರಿನ ಬಾವಿ ದಲಿತರ ಕೇರಿಗೇ ಹೋಗಿತ್ತು.

ಸಮತಾ ಪೆನ್ನು ಕೆಳಗಿಟ್ಟಳು. ಹಿರೇಬೆಂಡಿಗೇರಿಯಲ್ಲಿ ಅವಳ ಅಪ್ಪ ಮೈಲಾರಪ್ಪ ಇಪ್ಪತ್ತು ವರ್ಷ ಪಂಚಾಯತಿಯ ವಾಟರ್‌ಮನ್ ಆಗಿದ್ದವನು. ನೀರು ಬಿಡುವ ಕೈ ಒಬ್ಬರದು, ಯಾರಿಗೆ ಬಿಡಬೇಕೆಂದು ಹೇಳುವ ಬಾಯಿ ಇನ್ನೊಬ್ಬರದು ಎಂಬುದನ್ನು ಅವಳು ಕಾನೂನು ಓದುವ ಮೊದಲೇ ಕಂಡಿದ್ದಳು. ಅದನ್ನು ಅಂಕಿಗಳಲ್ಲಿ ಕಂಡದ್ದು ಇದೇ ಮೊದಲು.

ಇಬ್ಬರೂ ಸೇರಿ ಒಂದು ಲೇಖನ ಬರೆಯುವುದೆಂದು ಅಲ್ಲೇ ತೀರ್ಮಾನವಾಯಿತು.

ಮುಂದಿನ ನಾಲ್ಕು ತಿಂಗಳು ಶನಿವಾರ, ಭಾನುವಾರ ಅವರು ಬಸ್ಸಿನಲ್ಲಿ ತಿರುಗಿದರು. ಅವನ ಚೀಲದಲ್ಲಿ ನೀರಿನ ಬಾಟಲಿಗಳು, ಅವಳ ಚೀಲದಲ್ಲಿ ಮಾಹಿತಿ ಹಕ್ಕಿನ ಅರ್ಜಿಗಳು. ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಅವನು ಶೇಂಗಾ ಸುಲಿದು ಕಾಳು ಅವಳ ಕೈಗೆ ಹಾಕುತ್ತಿದ್ದ, ಸಿಪ್ಪೆ ತನ್ನ ಜೇಬಿಗೆ. ಅವಳು ಮಾತಾಡುತ್ತ ತಿನ್ನುತ್ತಿದ್ದಳು. ಅರ್ಧ ಕಿಲೋ ಮುಗಿದ ಮೇಲೆ ಅವನು ಒಂದೂ ತಿಂದಿಲ್ಲ ಎಂಬುದು ಅವಳಿಗೆ ಹೊಳೆಯಿತು.

"ನಿಮಗ ಬ್ಯಾಡೇನ್ರಿ?"

"ನೋಡಾಕತ್ತೇನಲ್ರಿ," ಎಂದ. ಏನನ್ನು ಎಂದು ಹೇಳಲಿಲ್ಲ. ಅವಳೂ ಕೇಳಲಿಲ್ಲ, ಬೇರೆ ಕಡೆ ತಿರುಗಿ ನಕ್ಕಳು.

ಮನೆಯಲ್ಲಿ ಅವ್ವ ಶಾರವ್ವ ಯಾರವನು ಎಂದು ವಿಚಾರಿಸಿದಳು. ಸಮತಾ ಹೆಸರು ಹೇಳಿದಳು. ಮಾಲತೇಶ ಎಂಬ ಹೆಸರು ಅವರ ಕೇರಿಯಲ್ಲೇ ನಾಲ್ವರಿಗಿತ್ತು, ಗೌಡರ ಮನೆಗಳಲ್ಲೂ ಇತ್ತು. ಹೆಸರಿನಿಂದ ಏನೂ ತಿಳಿಯದೆ ಶಾರವ್ವ ಮಗಳ ಮುಖ ನೋಡಿದಳು. ಅದರಿಂದ ತಿಳಿಯಬೇಕಾದದ್ದು ತಿಳಿಯಿತು. ಅವನು ಹಿರೇಕೆರೂರಿನ ಹತ್ತಿರದ ಹಳ್ಳಿಯ ಲಿಂಗಾಯತರ ಹುಡುಗ, ಹೊಲ ಮನೆ ಇರುವವರು, ತಾನು ಬೌದ್ಧಳೆಂದು ಅವನಿಗೆ ಮೊದಲ ದಿನದಿಂದ ಗೊತ್ತಿದೆ ಎಂದು ಸಮತಾ ಆಮೇಲೆ ಹೇಳಿದಳು.

ದುಂಡಸಿಯಲ್ಲಿ ನೀಲಾ ಎಂಬ ಶಿಕ್ಷಕಿ ಇದ್ದರು. ಅದೇ ಪುಸ್ತಕದ ಶಿಕ್ಷಣ ಭಾಗದಲ್ಲಿ ಅವರೂ ಬರೆದಿದ್ದರು. ತರಗತಿಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ಓದುವ ಮಕ್ಕಳ ಬಗ್ಗೆ. ಆ ಮಕ್ಕಳನ್ನು ಶಿಕ್ಷಕರು ದಡ್ಡರೆಂದುಕೊಳ್ಳುತ್ತಾರೆ, ನಿಜದಲ್ಲಿ ಅವರು ಫ್ಲೋರೈಡಿನಿಂದ ಕಂದುಗಟ್ಟಿದ ಹಲ್ಲು ಮುಚ್ಚಿಕೊಳ್ಳುತ್ತಿರುತ್ತಾರೆ ಎಂದು ಹಲವು ಶಾಲೆ ಸುತ್ತಿ ಕಂಡುಕೊಂಡಿದ್ದರು. ಅವರ ಮನೆಗೆ ಇಬ್ಬರೂ ಹೋದ ದಿನ ನೀಲಾ ತಮ್ಮ ವಹಿ ಬಿಚ್ಚಿ ಒಂದು ಊರಿನ ಲೆಕ್ಕ ತೋರಿಸಿದರು. ಕೇರಿಯ ಇಪ್ಪತ್ತೆರಡು ಮಕ್ಕಳಲ್ಲಿ ಹದಿನೇಳು ಮಕ್ಕಳ ಹಲ್ಲು ಕಂದು.

ಸಮತಾ ಮಾಲತೇಶನ ಕೋಷ್ಟಕದಲ್ಲಿ ಆ ಊರನ್ನು ಹುಡುಕಿದಳು. ಇರಲಿಲ್ಲ. ಎಣಿಸಿದಳು. ಪಟ್ಟಿಯಲ್ಲಿ ಮೂವತ್ತು ಊರು, ಅವನ ಕೋಷ್ಟಕದಲ್ಲಿ ಇಪ್ಪತ್ತೊಂಬತ್ತು.

ವಾಪಸ್ಸು ಬರುವಾಗ ಬಸ್ಸಿಗೆ ಕಾಯುತ್ತ ನಿಂತಲ್ಲಿ ಅವಳು ಕೇಳಿದಳು. ಅವನು ತಪ್ಪಿಸಿಕೊಳ್ಳಲಿಲ್ಲ. ಅದು ತನ್ನೂರು ಎಂದ. ಅಲ್ಲಿಯ ನೀರಿನ ಠರಾವು ಮಂಡಿಸಿದ ಪಂಚಾಯತಿ ಸದಸ್ಯ ಮಹಾಲಿಂಗಪ್ಪ ತನ್ನ ಅಪ್ಪ ಎಂದ. ಆ ಹೆಸರನ್ನು ಸಮತಾ ತನ್ನ ಕೈಯಾರೆ ನಕಲು ಮಾಡಿಕೊಂಡಿದ್ದಳು. ಯಾರೆಂದು ಗೊತ್ತಿರಲಿಲ್ಲ.

"ನೀರು ತಗೊಂಡಿದ್ರೇನು?"

"ತಗೊಂಡಿದ್ದೆ. ಕೇರಿದು ಮೂರು ಪಾಯಿಂಟ್ ಎರಡು. ನಮ್ಮ ಓಣಿದು ಪಾಯಿಂಟ್ ಆರು."

ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಬಾರದು ಎಂದು ಅವನೇ ಅವಳಿಗೆ ಹೇಳಿಕೊಟ್ಟಿದ್ದ.

"ಯಾಕ ಬಿಟ್ರಿ?"

"ಸ್ವಂತ ಊರು, ಪಕ್ಷಪಾತ ಆಗ್ತೈತಿ ಅಂತ ಗೈಡಿಗೆ ಹೇಳಿದೆ."

"ನನಗೂ ಅದನ್ನ ಹೇಳ್ತೀರೇನು?"

ಬಸ್ಸು ಬಂತು. ಹತ್ತುವ ಮೊದಲು ಅವಳು ಮೆಲ್ಲಗೆ ಹೇಳಿದಳು, "ನೀವು ಬಿಟ್ಟಿದ್ದು ಒಂದು ಊರಲ್ರಿ. ನಾ ಹುಟ್ಟಿದಂಥಾ ಕೇರಿ."

ಮೂರು ವಾರ ಫೋನಿರಲಿಲ್ಲ. ಕೋರ್ಟಿನ ಕೆಲಸ ಮಾಡಿದಳು, ಊಟ ಮಾಡಿದಳು, ಶನಿವಾರ ಬಂದರೆ ಏನು ಮಾಡಬೇಕೆಂದು ತಿಳಿಯದೆ ಅವ್ವನ ಜೊತೆ ಹತ್ತಿ ಬಿಡಿಸಲು ಹೋದಳು. ಒಮ್ಮೆ ಗೌಹರ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದಳು. ಗೊತ್ತಿದ್ದವನು ಗೊತ್ತಿದ್ದದ್ದನ್ನು ಹೇಳದಿದ್ದರೆ ಅದು ಸುಳ್ಳೇ ಎಂದು ಕೇಳಿದಳು.

"ಈ ಪ್ರಶ್ನಿ ನಾ ಮೂವತ್ತು ವರ್ಷ ಪರೀಕ್ಷಾದಾಗ ಕೇಳೀನಿ," ಎಂದರು ಮೇಡಂ ಚಹಾ ಬಗ್ಗಿಸುತ್ತ. "ಎಲ್ಲಾರೂ ಹತ್ತು ಮಾರ್ಕಿನಷ್ಟು ಬರದಾರ. ಉತ್ತರ ಅವ ಏನು ಮಾಡ್ತಾನ ಅನ್ನೋದ್ರಾಗ ಇರ್ತೈತವ್ವ. ಕಾದು ನೋಡು. ಭಾಳ ದಿನ ಮಾತ್ರ ಕಾಯಬ್ಯಾಡ."

ನಾಲ್ಕನೆಯ ವಾರದ ಬುಧವಾರ ಮಧ್ಯಾಹ್ನ ಮಾಲತೇಶ ಕೋರ್ಟಿನ ವರಾಂಡಕ್ಕೇ ಬಂದ. ಗಡ್ಡ ಬೆಳೆದಿತ್ತು. ಮೂವತ್ತು ಊರುಗಳ ಹೊಸ ಕೋಷ್ಟಕವನ್ನು ಅವಳ ಕೈಗೆ ಕೊಟ್ಟ. ಹಳೆಯದು ಅಪೂರ್ಣವೆಂದು ಮಾರ್ಗದರ್ಶಕರಿಗೆ ಲಿಖಿತವಾಗಿ ತಿಳಿಸಿದ್ದ. ಅದರಿಂದ ಅವನ ಪಿಎಚ್‌.ಡಿ. ಪ್ರಬಂಧ ಸಲ್ಲಿಸುವುದು ಆರು ತಿಂಗಳು ಮುಂದೆ ಹೋಗಿತ್ತು. ತನ್ನೂರಿನ ನೀರನ್ನು ಭಾನುವಾರ ಮತ್ತೆ ತೆಗೆಯುತ್ತೇನೆ, ಬರುತ್ತೀರಾ ಎಂದು ಕೇಳಿದ.

"ಆವಾಗ ನಾನೊಬ್ಬನ ತಗೊಂಡಿದ್ದೆ," ಎಂದ. "ಈ ಸಲ ಎಲ್ಲಾರ ಮುಂದ ತಗೊಳ್ಳೂಣು."

ಭಾನುವಾರ ಬೆಳಿಗ್ಗೆ ಕೇರಿಯ ನಲ್ಲಿಯ ಹತ್ತಿರ ಇಪ್ಪತ್ತು ಮೂವತ್ತು ಜನ ಸೇರಿದರು. ಅವನು ಬಾಟಲಿ ತುಂಬಿದ, ಅವಳು ಹೊತ್ತು ಬರೆದುಕೊಂಡಳು, ನಾಗವ್ವ ಎಂಬ ಮುದುಕಿ ಸಾಕ್ಷಿಗೆ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಮೇಲಿನ ಓಣಿಗೆ ಹೋದರು. ಎರಡನೆಯ ಬಾಟಲಿ ತುಂಬಬೇಕಾದದ್ದು ಅವನ ಮನೆಯ ನಲ್ಲಿಯಲ್ಲಿ.

ಮಹಾಲಿಂಗಪ್ಪ ಕಟ್ಟೆಯ ಮೇಲೆ ಕೂತಿದ್ದ. ಮಗ ಬಗ್ಗಿ ನೀರು ಹಿಡಿಯುವುದನ್ನು ನೋಡಿದ. ಆ ಕಾಲಕ್ಕೆ ಹತ್ತಿರ ಇದ್ದ ಬಾವಿಯನ್ನು ಹತ್ತಿರದ ಓಣಿಗೆ ಜೋಡಿಸಿದೆವು, ನೀರಿನೊಳಗೆ ಏನಿದೆ ಎಂದು ಯಾರಿಗೆ ಗೊತ್ತಿತ್ತು ಎಂದ. ಐದು ವರ್ಷದ ಹಿಂದೆ ಪ್ರಯೋಗಾಲಯದ ವರದಿ ಬಂದಿತ್ತು, ಓದಿದ್ದಕ್ಕೆ ನಿಮ್ಮ ಸಹಿ ಇದೆ ಎಂದು ಮಗ ನೆನಪಿಸಿದ. ನಮ್ಮ ಓಣಿಗೆ ನೀರು ಬರುವ ಹೊಲದ ಬಾವಿಯಲ್ಲಿ ಎರಡು ಓಣಿಗೆ ಸಾಲುವಷ್ಟು ನೀರಿಲ್ಲ ಎಂದ ತಂದೆ.

ಬಾಗಿಲಲ್ಲಿ ನಿಂತಿದ್ದ ಮಾಲತೇಶನ ಅವ್ವ ಸುಶೀಲವ್ವ ಅಲ್ಲಿಯವರೆಗೆ ಸಮತಾಳನ್ನು ಅಡಿಯಿಂದ ಮುಡಿವರೆಗೆ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿತ್ತೋ ಬೇರೇನಿತ್ತೋ ಸಮತಾಳಿಗೆ ತಿಳಿಯಲಿಲ್ಲ. ಈಗ ಸುಶೀಲವ್ವ ಗಂಡನ ಕಡೆ ತಿರುಗಿದಳು.

"ದಿನಾ ಹೊಲಕ್ಕ ಹೋಗಾಕಿ ನಾನು. ಆ ಬಾವಿಗೆ ನೀರು ಕಡಿಮಿ ಐತಿ ಅನ್ಬ್ಯಾಡ್ರಿ."

ಮಹಾಲಿಂಗಪ್ಪ ಎದ್ದು ಒಳಗೆ ಹೋದ.

ಹಿರೇಕೆರೂರಿನ ಬಸ್‌ಸ್ಟ್ಯಾಂಡಿನಲ್ಲಿ ಹಾವೇರಿಯ ಬಸ್ಸು ನಿಂತಿತ್ತು. ಸಮತಾ ಹತ್ತಲು ಕಾಲಿಟ್ಟಾಗ ಮಾಲತೇಶ ಒಂದು ಮಾತು ಕೇಳಬೇಕಿತ್ತು ಎಂದ. ಲೇಖನದ ಬಗ್ಗೆಯೇ ಎಂದು ಕೇಳಿದಳು. ಅಲ್ಲ ಎಂದ. ಅವಳು ಕಾಲು ಕೆಳಗಿಟ್ಟಳು. ಬಸ್ಸು ಹೋಯಿತು. ಮುಂದಿನದಕ್ಕೆ ನಲವತ್ತು ನಿಮಿಷವಿತ್ತು.

ಮೊದಲ ಇಪ್ಪತ್ತು ನಿಮಿಷ ಅವನು ಬಾಟಲಿಗಳ ಮುಚ್ಚಳ ಬಿಗಿ ಮಾಡುತ್ತ ಕೂತ. ಆಮೇಲೆ ಹೇಳಿದ.

"ನಿಮ್ಮ ಜೋಡಿ ಇರ್ಬೇಕು ಅನಸ್ತೈತ್ರಿ. ಶನಿವಾರ ಅಷ್ಟ ಅಲ್ಲ."

ಅವಳು ವಕೀಲರ ದನಿಯಲ್ಲೇ ಕೇಳಿದಳು. "ಮನಿಯಾಗ ಏನಾಗ್ತೈತಿ ಗೊತ್ತೈತೇನು?"

"ಗೊತ್ತೈತಿ. ನಿನ್ನೆ ರಾತ್ರಿನ ಹೇಳೇನಿ. ಅಪ್ಪ ಊಟ ಬಿಟ್ಟು ಎದ್ರು. ಅವ್ವ ನಾಳೆ ಆಕಿ ಬರ್ತಾಳೇನು ಅಂತ ಅಷ್ಟ ಕೇಳಿದ್ಲು."

ಸುಶೀಲವ್ವನ ನೋಟದ ಅರ್ಥ ಈಗ ಆಯಿತು. "ನನಗಿಂತ ಮೊದಲ ಅವರಿಗೆ ಹೇಳಿದ್ರೇನು?" ಎಂದಳು.

"ನೀವು ಹ್ಞೂಂ ಅಂದ ಮ್ಯಾಲ ನಾ ಹೆದರಿದ್ರ ತಪ್ಪಾಗ್ತಿತ್ತು. ನಮ್ಮೂರು ಬಿಟ್ಟಾಗ ಒಮ್ಮೆ ಹೆದರೇನಲ್ಲ."

ಅವಳು ಅವನ ಕೈಯಿಂದ ಬಾಟಲಿ ತೆಗೆದುಕೊಂಡು ಚೀಲಕ್ಕೆ ಹಾಕಿದಳು. ಖಾಲಿಯಾದ ಆ ಕೈಯನ್ನು ಹಿಡಿದುಕೊಂಡಳು. ಎದುರಿನ ಬೆಂಚಿನವರು ನೋಡಿದರು. ಅವಳು ಬಿಡಲಿಲ್ಲ.

ಲೇಖನ ಕಿರುಪುಸ್ತಕವಾಗಿ ಪ್ರಕಟವಾಯಿತು. ನೀಲಾ ಮೂರನೆಯ ಲೇಖಕಿ, ಗೌಹರ ಮೇಡಂ ಅವರದು ಮುನ್ನುಡಿ. ಮಾಲತೇಶನೂರಿನ ಗ್ರಾಮಸಭೆಯಲ್ಲಿ ಕಾನೂನನ್ನು ಸಮತಾ ಹೇಳಿದಳು, ನೀರನ್ನು ಅವನು ಹೇಳಿದ, ಮಕ್ಕಳ ವಿಷಯವನ್ನು ನಾಗವ್ವ ಹೇಳಿದಳು. ಮಹಾಲಿಂಗಪ್ಪ ಹಿಂದಿನ ಸಾಲಿನಲ್ಲಿ ಕೂತು ಹೌದಕ್ಕೂ ಕೈ ಎತ್ತಲಿಲ್ಲ, ಅಲ್ಲಕ್ಕೂ ಎತ್ತಲಿಲ್ಲ. ಎಂಟು ತಿಂಗಳಿಗೆ ಹೊಲದ ಬಾವಿಯಿಂದ ಕೇರಿಗೆ ಹೊಸ ಪೈಪು ಬಂತು. ಹಲ್ಲಿನ ಕಂದು ಹೋಗುವುದಿಲ್ಲ, ಇನ್ನು ಹುಟ್ಟುವವರಿಗೆ ಬರುವುದಿಲ್ಲ ಅಷ್ಟೇ ಎಂದು ಮಾಲತೇಶ ಕೇರಿಯವರಿಗೆ ಸ್ಪಷ್ಟವಾಗಿ ಹೇಳಿದ.

ಮರುವರ್ಷ ನೋಂದಣಿ ಕಚೇರಿಯಲ್ಲಿ ಮದುವೆಯಾದರು. ಮೂವತ್ತು ದಿನ ನೋಟೀಸು ಹಲಗೆಯ ಮೇಲಿತ್ತು. ಯಾರೂ ತಕರಾರು ಹಾಕಲಿಲ್ಲ. ಮೂವರು ಸಾಕ್ಷಿಗಳಲ್ಲಿ ಮೈಲಾರಪ್ಪ ಒಬ್ಬ, ಗೌಹರ ಮೇಡಂ ಒಬ್ಬರು. ಮೂರನೆಯವರಾಗಿ ನೀಲಾ ಬಂದಿದ್ದರು. ಆದರೆ ಬಾಗಿಲಲ್ಲಿ ಸುಶೀಲವ್ವ ಒಬ್ಬಳೇ ನಿಂತಿರುವುದನ್ನು ಕಂಡು ನೀಲಾ ಪೆನ್ನನ್ನು ಅವಳ ಕೈಗೆ ಕೊಟ್ಟರು. ಸುಶೀಲವ್ವ ಒಂದೊಂದೇ ಅಕ್ಷರ ಬರೆದಳು. ಗುಮಾಸ್ತ ಗಡಿಯಾರ ನೋಡಿದ. ಉಳಿದವರು ಕಾದರು.

"ನಿಮ್ಮಪ್ಪ ಬಸ್‌ಸ್ಟ್ಯಾಂಡಿನ ತನಕ ಬಂದು ಹತ್ತಿಸಿ ಹೋದ್ರು," ಎಂದಳು ಬರೆದು ಮುಗಿಸಿ, ಮಗನಿಗೆ. "ಬರ್ತೇನಿ ಅನ್ಲಿಲ್ಲ. ಹೋಗಬ್ಯಾಡ ಅಂತನೂ ಅನ್ಲಿಲ್ಲ."

ಶಾರವ್ವ ಅವಳಿಗೆ ಕೂರಲು ಜಾಗ ಮಾಡಿಕೊಟ್ಟಳು. ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ಒಬ್ಬರ ಸೀರೆ ಒಬ್ಬರು ನೋಡಿದರು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಮುಂದೆ ನಡೆದರು. ಸಮತಾ ಪ್ರಮಾಣಪತ್ರವನ್ನು ಒಮ್ಮೆ ಪೂರ್ತಿ ಓದಿ ಮಡಚುತ್ತ ಹಿಂದೆ ಉಳಿದಳು. ಮಾಲತೇಶ ಮೆಟ್ಟಿಲ ಕೆಳಗೆ ನಿಂತು ತಿರುಗಿದ.

"ಸಮತಾ, ಬಾ," ಎಂದ.

ಎರಡು ವರ್ಷದಲ್ಲಿ ಮೊದಲ ಸಲ ಆ ಮಾತಿನ ಕೊನೆಗೆ 'ರಿ' ಬಂದಿರಲಿಲ್ಲ. ಹೇಳಿದ ಮೇಲೆ ಅದು ಅವನಿಗೂ ತಿಳಿದು, ಕಿವಿ ಹಿಡಿದುಕೊಂಡು ನಿಂತ.

"ತಡಿ, ಬಂದೆ," ಎಂದಳು ಸಮತಾ.