ತಲೆಯ ಮೇಲಿಟ್ಟ ಕೈ

"ಏನ್ರೀ, ಹೆದರಿಕೆನಾ? ಐದು ವರ್ಷದ ಮಕ್ಕಳು ಹಾಕಿಸ್ಕೊಂಡು ನಗ್ತಾ ಹೋಗ್ತಿದಾವೆ!"

ಇಡೀ ಸಾಲಿಗೆ ಕೇಳುವಂತೆ ಹೀಗೆ ಅಂದುಬಿಟ್ಟವಳು ನಮ್ಮ ತುಂಗಾ.

ಅಂದು ಆಷಾಢ ಏಕಾದಶಿ. ಮಠದಲ್ಲಿ ಮುದ್ರಾಧಾರಣೆ. ಹೋಮದ ಬೆಂಕಿಯಲ್ಲಿ ಕಾಯಿಸಿದ ಶಂಖ, ಚಕ್ರದ ಮುದ್ರೆಗಳನ್ನು ಸ್ವಾಮಿಗಳು ಭಕ್ತರ ತೋಳಿಗೆ ಒಂದು ಕ್ಷಣ ಒತ್ತುತ್ತಾರೆ. ಬೆಳಗಿನಿಂದ ಉಪವಾಸವಿದ್ದ ಜನ ರಸ್ತೆಯವರೆಗೂ ನಿಂತಿದ್ದರು. ಸಾಲು ನೋಡಿಕೊಳ್ಳುವ ಕೆಲಸ ತುಂಗಾಳದು. ಅವಳ ಬಾಯಿಗೆ ಬೀಗ ಹಾಕುವ ಕೆಲಸ ಮಾತ್ರ ಯಾರೂ ವಹಿಸಿಕೊಂಡಿರಲಿಲ್ಲ.

ಅವಳ ಮಾತಿಗೆ ಗುರಿಯಾದವನು ಸರದಿ ಬಂದ ಗಳಿಗೆಯಲ್ಲಿ ವಾಪಸ್ ಹೋಗಲು ತಿರುಗಿ ನಿಂತಿದ್ದ. ಎತ್ತರದ ಯುವಕ. ಶಲ್ಯವನ್ನು ಎಡತೋಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದ. ಅವಳ ಮಾತಿಗೆ ಬೆಚ್ಚಿದಾಗ ಆ ಶಲ್ಯ ಜಾರಿತು.

ತುಂಗಾ ನೋಡಿದಳು.

ಹಳೆಯ ಗಾಯಗಳ ಗುರುತು. ಬೈಕಿನಿಂದ ಬಿದ್ದದ್ದಲ್ಲ, ಅಡುಗೆಮನೆಯದೂ ಅಲ್ಲ. ತನಗೆ ತಾನೇ ಮಾಡಿಕೊಂಡದ್ದು. ಹೇಗೋ ಅವಳಿಗೆ ತಟ್ಟನೆ ಅರ್ಥವಾಯಿತು.

'ಅಯ್ಯೋ ದೇವರೇ... ನಾನು ಏನಂದುಬಿಟ್ಟೆ!'

ಅವನು ಶಲ್ಯ ಎಳೆದುಕೊಂಡು ಹೊರಗೆ ನಡೆದ. ಅವಳು ಸಾಲನ್ನು ಹಾಗೇ ಬಿಟ್ಟು ಹಿಂದೆ ಓಡಿದಳು. ಚಪ್ಪಲಿ ಬಿಡುವ ಜಾಗದಲ್ಲಿ ಸಿಕ್ಕಿದ.

"ಸಾರಿ ರೀ. ನಂದು ದೊಡ್ಡ ಬಾಯಿ. ತಪ್ಪಾಯ್ತು."

"ನೋಡಿದ್ರಿ ಅಲ್ವಾ?"

"ನೋಡ್ದೆ."

"ಮತ್ತೆ, ಏನೂ ಕೇಳ್ತಿಲ್ಲ?"

"ನಿಮಗೆ ಹೇಳ್ಬೇಕು ಅನ್ಸಿದಾಗ ಹೇಳಿ, ಕೇಳಿಸ್ಕೋತೀನಿ. ಕೇಳಿಸ್ಕೊಳ್ಳೋದೇ ನನ್ನ ಕೆಲಸ. ಅಣ್ಣಾ ನಗರದಲ್ಲಿ ಕಿವಿ ಟೆಸ್ಟ್ ಮಾಡ್ತೀನಿ."

ಅವನು ನಕ್ಕ. ಆ ನಗು ಕಷ್ಟಪಟ್ಟು ಬಂದದ್ದು, ಆದರೂ ನಿಜವಾದದ್ದು. ಹೆಸರು ಸುಜಯೀಂದ್ರ, ಗಿಂಡಿಯಲ್ಲಿ ಪಂಪು ತಯಾರಿಸುವ ಕಂಪನಿಯಲ್ಲಿ ಇಂಜಿನಿಯರ್ ಎಂದು ಹೇಳಿದ. ನಂಬರನ್ನು ಯಾರು ಮೊದಲು ಕೇಳಿದ್ದು ಎಂಬ ಜಗಳ ಅವರಲ್ಲಿ ಬಹಳ ದಿನ ನಡೆಯಿತು. ಕೇಳಿದ್ದು ತುಂಗಾನೇ.

ಮೊದಲ ದಿನ ಅಷ್ಟು ಚೆನ್ನಾಗಿ ನಡೆದುಕೊಂಡ ಈ ಹುಡುಗಿ, ಪ್ರೀತಿ ಹುಟ್ಟಿದ ಮೇಲೆ ಎಡವಿದಳು.

* * *

ಏಳು ತಿಂಗಳು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಳೆದವು. ಕೆಲಸ ಮುಗಿಸಿ ಗಿಂಡಿ ಸ್ಟೇಷನ್ನಿನಲ್ಲಿ ಭೇಟಿ, ಭಾನುವಾರ ಅಡ್ಯಾರ್‌ನ ಅವನ ಮನೆ. ಅಲ್ಲಿದ್ದವರು ಅಪ್ಪ ಮಧ್ವರಾಜರು ಒಬ್ಬರೇ. ಅಮ್ಮ ಸರಸ ತೀರಿಹೋಗಿ ಹನ್ನೊಂದು ವರ್ಷ. ಮಧ್ವರಾಜರ ಪೂಜೆ ಒಂದು ತಮಾಷೆ. ಒಂದು ಮಂತ್ರ, ಎರಡು ಒಣಕೆಮ್ಮು, ಗಂಟೆ ಅಲ್ಲಾಡಿಸುತ್ತಲೇ ಒಂದು ಕೂಗು: "ಸುಜಯಾ, ಹಾಲು ಪೊಂಗ್ತಿದೆ, ಉಕ್ಕಿ ಚೆಲ್ಲತ್ತೆ ನೋಡೋ!" ತುಂಗಾ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

ಸುಜಯ್ ತನ್ನ ತೋಳಿನ ಕಥೆಯನ್ನು ಸ್ವಲ್ಪಸ್ವಲ್ಪವೇ ಹೇಳಿದ್ದ. ಕಾಲೇಜಿನ ದಿನಗಳು, ಯಾರಿಗೂ ಹೇಳಲಾಗದ ಸಂಕಟ. ಈಗ ಎರಡು ವರ್ಷದಿಂದ ಇಲ್ಲ ಎಂದಿದ್ದ. ಅಮ್ಮನ ವಿಷಯ ಬಂದಾಗ ಮಾತ್ರ ಎದ್ದುಹೋಗಿ ನೀರು ಕುಡಿಯುತ್ತಿದ್ದ.

ಫೆಬ್ರವರಿಯ ಒಂದು ಸಂಜೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಅವನು ನಿಂತುಬಿಟ್ಟ.

"ತುಂಗಾ... ನಿನ್ನೆ ಮತ್ತೆ ಆಯ್ತು. ನಿಂಗೆ ಹೇಳ್ದೆ ಇರಬಾರದು ಅನ್ನಿಸ್ತು."

ಅದನ್ನು ಹೇಳಲು ಅವನಿಗೆ ಎಷ್ಟು ಧೈರ್ಯ ಬೇಕಾಗಿತ್ತೋ! ಅವಳಿಗೆ ಅದು ಕಾಣಿಸಲಿಲ್ಲ. ಕಂಡದ್ದು ತನ್ನ ಭಯವೊಂದೇ. ಜನ ನೋಡುತ್ತಿದ್ದರೂ ಲೆಕ್ಕಿಸದೆ ಅವನ ಕೈ ಹಿಡಿದೆಳೆದು ತನ್ನ ತಲೆಯ ಮೇಲಿಟ್ಟುಕೊಂಡಳು.

"ನನ್ನ ಮೇಲೆ ಆಣೆ ಮಾಡು! ಇನ್ಮೇಲೆ ಮಾಡ್ಕೊಂಡ್ರೆ ನಾನು ಸತ್ತಂಗೆ ಅಂತ ತಿಳ್ಕೋ!"

ಆ ಕೈ ಒಮ್ಮೆಲೇ ತಣ್ಣಗಾಯಿತು.

"ಬೇಡ ತುಂಗಾ... ಇದೊಂದು ಬೇಡ. ಬೇರೆ ಏನಾದ್ರೂ ಕೇಳು."

"ಹಾಗಾದ್ರೆ ನಾನು ನಿಂಗೆ ಮುಖ್ಯ ಅಲ್ಲ!"

ಕೊನೆಗೆ ಅವನು, ಕೇಳಿಸಿಯೂ ಕೇಳಿಸದ ಹಾಗೆ, "ಆಣೆ" ಎಂದ.

ಅವಳಿಗೆ ನೆಮ್ಮದಿಯಾಯಿತು. ತಾನು ಅವನನ್ನು ಉಳಿಸಿಕೊಂಡೆ ಎಂದೇ ನಂಬಿ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು, ಪಾಪ.

ಹತ್ತೊಂಬತ್ತನೆಯ ದಿನ ಒಂದು ಮೆಸೇಜ್ ಬಂತು. 'ನನ್ನನ್ನು ಮರೆತುಬಿಡು. ನೀನು ಚೆನ್ನಾಗಿರಬೇಕು.' ಆಮೇಲೆ ಅವನ ಫೋನ್ ಸ್ವಿಚ್ ಆಫ್.

* * *

'ಒಂದು ಆಣೆ ಉಳಿಸ್ಕೊಳ್ಳೋಕೆ ಆಗ್ದೆ ನನ್ನನ್ನೇ ಬಿಟ್ಟನಾ? ಅಷ್ಟು ಅಗ್ಗವಾಗಿಬಿಟ್ಟೆನಾ ನಾನು?'

ಸಿಟ್ಟು ಬಂತು, ಅಳು ಬಂತು, ಮತ್ತೆ ಸಿಟ್ಟು ಬಂತು. ಅವನ ಮನೆಗೆ ಹೋಗಲು ಸ್ವಾಭಿಮಾನ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಸರಿಯಾಗಿ ಆರು ಗಂಟೆಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

"ಹಲೋ?"

ಮಾತಿಲ್ಲ.

"ಹಲೋ, ಯಾರು? ಯಾರ್ ಪೇಸರದು?" ಎಂದು ಊರಿನ ಭಾಷೆ ತಮಿಳಿನಲ್ಲೂ ಕೇಳಿದಳು. ಕರೆ ಕಟ್ಟಾಯಿತು.

ಅದರ ಮರುದಿನವೂ ಆರಕ್ಕೆ. ಭಾನುವಾರವೂ ಆರಕ್ಕೆ. ಅವಳ 'ಹಲೋ' ಕೇಳಿದ ಕೂಡಲೇ ಕಟ್. ತಿರುಗಿ ಮಾಡಿದರೆ ಯಾರೂ ಎತ್ತುವುದಿಲ್ಲ. ಆರಕ್ಕೆ ಐದು ನಿಮಿಷವಿರುವಾಗಲೇ ಅವಳಿಗೆ ಎಚ್ಚರವಾಗತೊಡಗಿತು. ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಫೋನನ್ನೇ ನೋಡುತ್ತಿದ್ದಳು. ಮನೆಯೊಳಗೆ ಯಾರೋ ಬಂದು ಮಂಚದ ಪಕ್ಕ ನಿಂತಂತೆ ಅನಿಸುತ್ತಿತ್ತು.

ಒಂದು ದಿನ ಸ್ನಾನಕ್ಕೆ ಹೋದವಳು ಹತ್ತು ನಿಮಿಷ ತಡವಾಗಿ ಬಂದಳು. ಹದಿನಾಲ್ಕು ಮಿಸ್ಡ್ ಕಾಲ್! ಅವಳು ನೋಡುತ್ತಿದ್ದಂತೆಯೇ ಹದಿನೈದನೆಯದು ಬಂತು.

"ಹಲೋ! ಯಾರ್ರೀ ನೀವು?"

ಆ ಕಡೆಯಿಂದ ಉಸಿರು ಕೇಳಿಸಿತು. ಅಳುವ ಮುಂಚಿನ, ಇಲ್ಲವೇ ಅತ್ತು ಮುಗಿದ ಮೇಲಿನ ಉದ್ದನೆಯ ಉಸಿರು.

ಮಾರನೆಯ ದಿನ ಆ ಕರೆಯನ್ನು ರೆಕಾರ್ಡ್ ಮಾಡಿಕೊಂಡಳು. ಕ್ಲಿನಿಕ್ಕಿಗೆ ಹೋದವಳೇ, ಹೊರಗಿನ ಸದ್ದು ಒಳಗೆ ಬಾರದ ಕಿವಿ ಪರೀಕ್ಷೆಯ ಕೋಣೆಯಲ್ಲಿ ಬಾಗಿಲು ಹಾಕಿ ಕೂತಳು. ಹೆಡ್‌ಫೋನ್ ಹಾಕಿಕೊಂಡು ಸದ್ದನ್ನು ಒಂದೊಂದೇ ಹಂತ ಏರಿಸಿದಳು.

ಮೊದಲು ಉಸಿರು. ಅದರ ಹಿಂದೆ ಕಾಗೆ. ಅದರ ಹಿಂದೆ, ತೀರಾ ದೂರದಲ್ಲಿ... ಗಂಟೆ. ಮಂತ್ರ. ಎರಡು ಒಣಕೆಮ್ಮು.

"ಸುಜಯಾ, ಹಾಲು..."

ತುಂಗಾ ಹೆಡ್‌ಫೋನ್ ಕಿತ್ತೆಸೆದಳು.

* * *

ಮಧ್ವರಾಜರು ಬಾಗಿಲು ತೆರೆದು ಅವಳನ್ನು ಕಂಡಾಗ ಅವರ ಕಣ್ಣು ತುಂಬಿತು.

"ಬಾಮ್ಮಾ. ಅವನು ಇನ್ನೂ ಆಫೀಸಿಂದ ಬಂದಿಲ್ಲ. ಸರಿಯಾಗಿ ಊಟಾನೂ ಮಾಡ್ತಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಆಫೀಸ್ ಫೋನ್ ಹಿಡ್ಕೊಂಡು ಬಾಲ್ಕನಿಲಿ ನಿಂತಿರ್ತಾನೆ. ಏನಾಯ್ತು ನಿಮ್ಮಿಬ್ಬರಿಗೆ?"

"ಮಾಮಾ, ನಾನೊಂದು ಆಣೆ ಹಾಕಿಸ್ಕೊಂಡೆ. ನನ್ನ ತಲೆ ಮೇಲೆ ಅವನ ಕೈ ಇಟ್ಟು..."

ಮಧ್ವರಾಜರು ಕುರ್ಚಿ ಹಿಡಿದುಕೊಂಡು ಕೂತರು.

"ನೀನೂನಾ?"

ಗೋಡೆಯ ಮೇಲಿನ ಹೆಂಡತಿಯ ಫೋಟೋ ಕಡೆ ನೋಡದೆಯೇ ಹೇಳಿದರು.

"ಆಗ ಅವನಿಗೆ ಹತ್ತೊಂಬತ್ತು ವರ್ಷ. ಹೀಗೆ ಮಾಡ್ಕೋತಾನೆ ಅಂತ ನಮಗೆ ಗೊತ್ತಾಯ್ತು. ನಾನೇ ಅವನ ಕೈನ ಸರಸಳ ತಲೆ ಮೇಲೆ ಇಡಿಸಿ ಆಣೆ ಹಾಕಿಸ್ದೆ. ಆರು ತಿಂಗಳಿಗೆ ಅವಳು ಹೋದ್ಲು. ಕರ್ಮ ಎಲ್ಲಾ ಮುಗಿದ ಮೇಲೆ ಬಂದು ಕೇಳ್ದ... 'ಅಪ್ಪಾ, ನಾನು ಒಂದ್ಸಲ ಆಣೆ ಮುರಿದಿದ್ದೆ. ಅಮ್ಮ ಹೋಗಿದ್ದು ಅದಕ್ಕೇನಾ?' ಅಂತ."

"ನೀವು ಏನಂದ್ರಿ ಮಾಮಾ?"

"ಏನೂ ಅನ್ಲಿಲ್ಲ. ಇವತ್ತಿನವರೆಗೂ ಏನೂ ಅಂದಿಲ್ಲಮ್ಮಾ."

ತುಂಗಾಳಿಗೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಬೇಡ ಬೇಡ ಎಂದು ತಣ್ಣಗಾದ ಆ ಕೈ... 'ನೀನು ಚೆನ್ನಾಗಿರಬೇಕು' ಎಂಬ ಮಾತು... ಹದಿನಾಲ್ಕು ಮಿಸ್ಡ್ ಕಾಲ್! ಅವನು ಆಣೆ ಮುರಿದಿದ್ದಾನೆ. ಮುರಿದು, ದಿನಾ ಬೆಳಿಗ್ಗೆ ಅವಳು ಬದುಕಿದ್ದಾಳೋ ಇಲ್ಲವೋ ಎಂದು ಫೋನ್ ಮಾಡಿ ನೋಡುತ್ತಿದ್ದಾನೆ!

'ನಾನು ಇವನಿಗೆ ಎಂಥಾ ಶಿಕ್ಷೆ ಕೊಟ್ಟುಬಿಟ್ಟೆ...'

ಬಾಗಿಲಲ್ಲಿ ಬೀಗದ ಕೈ ಸದ್ದಾಯಿತು. ಸುಜಯ್ ಒಳಗೆ ಬಂದು, ಅವಳನ್ನು ಕಂಡು, ಅಲ್ಲೇ ನಿಂತ. ಇಳಿದುಹೋಗಿದ್ದ.

"ನೀನು... ಆರೋಗ್ಯವಾಗಿದೀಯಾ? ಏನೂ ಆಗಿಲ್ಲ ತಾನೇ?"

ಅವಳಿಗೆ ತಡೆಯಲಾಗಲಿಲ್ಲ. ಆದರೆ ಅವಳು ಬಾಯಿ ತೆರೆಯುವ ಮೊದಲೇ ಮಧ್ವರಾಜರು ಎದ್ದರು.

"ಸುಜಯಾ, ಅವತ್ತು ನೀನು ಕೇಳಿದ್ದೆಯಲ್ಲ... ಅಮ್ಮನ ಹಾರ್ಟ್ ವಾಲ್ವ್ ನೀನು ಹುಟ್ಟೋಕೆ ಮುಂಚೆನೇ ಕೆಟ್ಟಿತ್ತು ಕಣೋ. ಡಾಕ್ಟರು ಹೇಳಿದ್ರು. ನಂಗೆ ಗೊತ್ತಿತ್ತು. ನಿನ್ನಿಂದ ಅಲ್ಲ."

"ಗೊತ್ತಿತ್ತಾ?" ಅವನ ದನಿ ಮಗುವಿನದಾಗಿತ್ತು. "ಗೊತ್ತಿದ್ದೂ ಹನ್ನೊಂದು ವರ್ಷ..."

"ನಿಂಗೆ ಹೆದರಿಕೆ ಇದ್ರೆ ಮತ್ತೆ ಮಾಡ್ಕೊಳಲ್ಲ ಅಂತ ಸುಮ್ಮನಿದ್ದೆ. ತಪ್ಪು ಮಾಡ್ದೆ. ನಿನ್ನ ಕಾಲಿಗೆ ಬೀಳ್ಬೇಕು ನಾನು."

ಸುಜಯ್ ನೆಲದ ಮೇಲೆ ಕುಸಿದು ಕೂತ. ಅಪ್ಪ ಪಕ್ಕದಲ್ಲೇ ಕೂತು ಮಗನ ಬೆನ್ನ ಮೇಲೆ ಕೈಯಿಟ್ಟರು. ಗಂಡಸರಿಬ್ಬರೂ ಅತ್ತರು. ತುಂಗಾ ಇಬ್ಬರಿಗೂ ನೀರು ತಂದುಕೊಟ್ಟಳು. ಅಷ್ಟು ಹೊತ್ತು ಸುಮ್ಮನಿದ್ದದ್ದು ಅವಳ ಜೀವನದಲ್ಲೇ ಮೊದಲು.

ಮಧ್ವರಾಜರು ಮುಖ ತೊಳೆಯಲು ಒಳಗೆ ಹೋದ ಮೇಲೆ ಅವನ ಎದುರು ಕೂತಳು.

"ನಾನು ಹಾಕಿಸ್ಕೊಂಡ ಆಣೆ, ನಾನೇ ವಾಪಸ್ ತಗೋತಿದೀನಿ. ಇವತ್ತಿಂದ ಅದು ಇಲ್ಲ. ನಾನು ಹೆದರಿದ್ದೆ ಸುಜಯ್. ನನ್ನ ಹೆದರಿಕೆನ ನಿನ್ನ ಮೇಲೆ ಹೊರಿಸ್ದೆ."

ಅವನು ತಲೆ ತಗ್ಗಿಸಿದ್ದ.

"ಒಂದು ಕೇಳ್ತೀನಿ, ನಿಜ ಹೇಳು. ಸಾಯ್ಬೇಕು ಅನ್ಸತ್ತಾ?"

ಯಾರೂ ಅವನನ್ನು ಹೀಗೆ ನೇರವಾಗಿ ಕೇಳಿರಲಿಲ್ಲ. ಅವನು ಯೋಚಿಸಿ ಉತ್ತರಿಸಿದ.

"ಇಲ್ಲ. ಸಾಯೋಕಲ್ಲ. ಒಳಗೆ ಏನೋ ತುಂಬ್ಕೊಂಡು ಉಸಿರು ಕಟ್ಟತ್ತೆ. ಆಗ ಬೇರೆ ದಾರಿ ಕಾಣಲ್ಲ. ಆಮೇಲೆ ನಾಚಿಕೆ, ಆ ನಾಚಿಕೆಯಿಂದ ಮತ್ತೆ ಅದೇ... ನಾಟಕ ಅನ್ಕೋಬೇಡ."

"ಅನ್ಕೊಳ್ಳಲ್ಲ. ಈಗ ಗಾಯ ಇದ್ಯಾ? ಡಾಕ್ಟರ್‌ಗೆ ತೋರಿಸ್ಬೇಕಾ?"

"ವಾಸಿ ಆಗಿದೆ."

"ಸರಿ. ನಮ್ಮ ಕ್ಲಿನಿಕ್ಕಿನ ಮೇಲಿನ ಮಹಡಿಲಿ ನಂದಿತಾ ಅಂತ ಕೌನ್ಸೆಲರ್ ಇದಾರೆ. ಒಟ್ಟಿಗೆ ಹೋಗೋಣ್ವಾ? ಒಳಗೆ ನೀನು ಒಬ್ನೇ ಮಾತಾಡು. ನಾನು ಹೊರಗೆ ಕೂತಿರ್ತೀನಿ."

"ಹೋಗೋಣ... ಆದ್ರೆ ಮತ್ತೆ ಆದ್ರೆ? ಆಗ ಏನ್ಮಾಡ್ತೀಯ?"

"ಗಾಯಕ್ಕೆ ಔಷಧಿ ಹಚ್ತೀನಿ. ಬೈಯಲ್ಲ. ಅಳಬಹುದು, ಅದಕ್ಕೆ ಗ್ಯಾರಂಟಿ ಕೊಡಲ್ಲ. ಆದ್ರೆ ಅತ್ರೂ ನಾನು ಸಾಯಲ್ಲ ಕಣೋ. ಇಲ್ಲೇ ಇರ್ತೀನಿ."

ಅವನು ಮೆಲ್ಲನೆ ಅವಳ ಮಣಿಕಟ್ಟು ಹಿಡಿದ. ನಾಡಿ ಬಡಿಯುತ್ತಿದೆಯೇ ಎಂದು ಬೆರಳಿಟ್ಟು ನೋಡಿದ. ಅವಳು ಕೈ ಎಳೆದುಕೊಳ್ಳಲಿಲ್ಲ.

* * *

ಎಲ್ಲವೂ ಅಂದೇ ಸರಿಹೋಯಿತು ಎಂದು ಹೇಳಿದರೆ ನಾನು ಸುಳ್ಳು ಹೇಳಿದಂತೆ. ನಂದಿತಾ ಹೇಳಿದ ಹಾಗೆ ಸುಜಯ್ ವಾರಕ್ಕೊಮ್ಮೆ ಹೋದ. ಮೇ ತಿಂಗಳಲ್ಲಿ ಒಮ್ಮೆ ಮತ್ತೆ ಆಯಿತು. ಅವನೇ ಬಂದು ಹೇಳಿದ. ತುಂಗಾ ಅತ್ತಳು, ಔಷಧಿ ಹಚ್ಚಿದಳು, ಊಟ ಬಡಿಸಿದಳು. ಹಳೆಯ ಭಯ ಇನ್ನೂ ಕೆಲವು ರಾತ್ರಿ ಇಬ್ಬರನ್ನೂ ಎಬ್ಬಿಸುತ್ತಿತ್ತು.

ಜೂನ್ ಕೊನೆಯ ಒಂದು ಸಂಜೆ. ಮೆಟ್ರೋ ಪ್ಲಾಟ್‌ಫಾರ್ಮಿನಲ್ಲಿ ನಿಂತು ತುಂಗಾ ನಿಶ್ಚಿತಾರ್ಥದ ಸೀರೆಯ ವಿಷಯ ಒಂದೇ ಸಮನೆ ವಟಗುಟ್ಟುತ್ತಿದ್ದಳು. ಬಣ್ಣ ಯಾವುದು, ಅಂಚು ಎಷ್ಟು ಅಗಲ, ತನ್ನ ಸೋದರತ್ತೆ ಏನಂದರು...

"ತುಂಗಾ."

"ಹ್ಞಾಂ?"

"ಇವತ್ತು ನಂಗೆ ಚೆನ್ನಾಗಿಲ್ಲ."

ಅವಳು ಮಾತು ನಿಲ್ಲಿಸಿದಳು. ಇಷ್ಟು ದಿನ ಅವನು ಆದ ಮೇಲೆ ಹೇಳುತ್ತಿದ್ದ. ಇಂದು ಮೊದಲೇ ಹೇಳಿದ್ದ.

ಟ್ರೈನ್ ಬಂತು, ಬಾಗಿಲು ತೆರೆಯಿತು. ಇಬ್ಬರೂ ಹತ್ತಲಿಲ್ಲ. ಬೆಂಚಿನ ಮೇಲೆ ಕೂತರು.

"ಬೆಳಿಗ್ಗೆಯಿಂದಾನೇ ಹೀಗೆ," ಅವನೆಂದ. "ಮಧ್ಯಾಹ್ನ ತುಂಬಾ ಜಾಸ್ತಿ ಆಯ್ತು. ಸಂಜೆ ನೀನು ಸಿಗ್ತೀಯಲ್ಲ, ಅಲ್ಲಿವರೆಗೆ ತಡ್ಕೋಬೇಕು ಅನ್ಕೊಂಡೆ. ಮನೆಗೆ ಹೋಗೋಕೆ ನಿಂಗೆ ಲೇಟ್ ಆಗತ್ತೆ..."

"ಆಗ್ಲಿ ಬಿಡು."

"ಸೀರೆ ವಿಷಯ ಅರ್ಧಕ್ಕೇ ನಿಂತ್ಹೋಯ್ತು."

"ಸೀರೆ ಎಲ್ಲಿಗೂ ಓಡಿಹೋಗಲ್ಲ. ನೀನು ಹೇಳು."

ಅವನು ಅವಳ ಭುಜಕ್ಕೆ ತಲೆ ಆನಿಸಿ, ಬೆಳಗಿನಿಂದ ಶುರುಮಾಡಿ ಹೇಳತೊಡಗಿದ.