ಬೀಗ ಹಾಕಿದ ಅಡುಗೆಮನೆಯ ರೊಟ್ಟಿ

ನನ್ನ ಹೆಂಡತಿ ಕಸ್ತೂರಿಗೆ ಮೂವತ್ತಾರಕ್ಕೇ ಮರೆವಿನ ರೋಗ. ಸಂಪಗಾಂವದ ನಮ್ಮ ಓಣಿಯವರು ದೆವ್ವ ಬಡಿದಿದೆ ಎನ್ನುತ್ತಾರೆ. ಅವರ ಬಾಯಿಗೆ ಮಣ್ಣು ಬೀಳಲಿ. ಗ್ಯಾಸು ಹಚ್ಚಿ ಮರೆಯುತ್ತಾಳೆಂದು ಅಡುಗೆಮನೆಗೆ ಬೀಗ ಹಾಕಿ, ಕೀಲಿ ನನ್ನ ಉಡದಾರಕ್ಕೆ ಕಟ್ಟಿಕೊಂಡಿದ್ದೇನೆ.

ಹೋದ ತಿಂಗಳು ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಅವಳ ತಲೆ ಬಾಚುತ್ತಿದ್ದೆ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬಂತು. ಎರಡು ಜೋರು, ಒಂದು ಮೆಲ್ಲಗೆ. ಅದು ಕಸ್ತೂರಿಯದೇ ಕೈ.

"ನಿಮ್ಮ ಮನಿಯಾಕಿ ರೊಟ್ಟಿ ಬಡ್ಯಾಕ ಹತ್ಯಾಳ. ಬಿಸಿ ಇದ್ದಾಗ ಉಣ್ಣಹೋಗ್ರಿ, ಅಣ್ಣಾ" ಎಂದಳು ನನ್ನ ಮುಂದೆ ಕೂತಿದ್ದ ಕಸ್ತೂರಿ.

"ಅಣ್ಣ ಅಲ್ಲ, ನಾ ನಿನ್ನ ಗಂಡ ಅದೇನಿ!" ಎಂದು ಒದರಿದೆ.

"ಅಯ್ಯ, ಮೆಲ್ಲಕ ಅನ್ನ್ರಿ. ಅಕಿ ಕೇಳ್ಯಾಳು!"

ಬೀಗ ತೆಗೆದೆ. ಯಾರೂ ಇರಲಿಲ್ಲ. ಒಲೆ ತಣ್ಣಗಿತ್ತು, ಹಂಚಿನ ಮೇಲಿನ ರೊಟ್ಟಿ ಕೈ ಸುಟ್ಟಿತು. ಅಳುತ್ತಲೇ ತಿಂದೆ.

ಈಗ ಒಳಗಿನವಳು ದಿನವೂ ಬಡಿಯುತ್ತಾಳೆ. ಆದರೆ ಸಪ್ಪಳ ನಡುನಡುವೆ, ಮರೆತವರ ಹಾಗೆ, ನಿಲ್ಲುತ್ತದೆ. ನಿನ್ನೆ ಬೀಗ ತೆಗೆದಾಗ ಹಂಚಿನ ಮೇಲೆ ಬಡಿಯದೇ ಬಿಟ್ಟ ಹಿಟ್ಟಿನ ಉಂಡೆ ಇತ್ತು.