ಮೂರು ಸಲ ಮುರಿದ ಎಕ್ಸಲ್

"ಮೇಸ್ತ್ರಿ ಎಲ್ಲಿ ಹೋಗ್ಯಾರ್ರಿ?"

ಲೇಥ್ ಮುಂದೆ ಗ್ರೀಸ್ ಮೆತ್ತಿದ ಕೈಯಲ್ಲಿ ನಿಂತಿದ್ದವಳು ನಾನು. ಅಂಗಡಿಯಲ್ಲಿ ಇದ್ದವಳೂ ನಾನೊಬ್ಬಳೇ. ಆದರೂ ಆ ಮನುಷ್ಯ ಮುರಿದ ಎಕ್ಸಲ್ ಶಾಫ್ಟನ್ನು ಹೆಗಲ ಮೇಲೆ ಹೊತ್ತು, ನನ್ನ ತಲೆಯ ಮೇಲಿಂದ ಒಳಗೆ ಇಣುಕುತ್ತಿದ್ದ.

"ನಿಮ್ಮ ಮುಂದ ನಿಂತಾರ. ಕಣ್ಣಿನ ದವಾಖಾನಿಗೆ ಹೋಗಿ ಬರ್ರಿ, ಅಲ್ಲೀತನಕ ಕಾಯ್ತಾರ."

ಅವನು ನಕ್ಕುಬಿಟ್ಟ. ತಪ್ಪು ತೋರಿಸಿದರೆ ನಗುವ ಗಂಡಸರು ಕಡಿಮೆ. ಬಹಳ ಮಂದಿ ಸಿಟ್ಟಾಗುತ್ತಾರೆ. ನಾನು ಅರ್ಧ ಸೋತದ್ದು ಅಲ್ಲಿಯೇ ಇರಬೇಕು.

ಹೆಸರು ಹಾಲೇಶ, ಊರು ಅಬ್ಬಿಗೇರಿ. ಹಳೆಯ ಕರಿ ಕಾಂಟೆಸಾ ಕಾರಿಗೆ ಜೀಪಿನ ಟರ್ಬೊ ಡೀಸೆಲ್ ಎಂಜಿನ್ ಕೂರಿಸಿ ಮದುವೆಗಳಿಗೆ ಬಾಡಿಗೆ ಓಡಿಸುತ್ತಿದ್ದ. ಆ ಉದ್ದ ಬಾನೆಟ್ಟಿನ ಮುಂದೆ ಫೋಟೊ ತೆಗೆಸಿಕೊಂಡ ಮೇಲೆಯೇ ಮದುಮಕ್ಕಳು ಒಳಗೆ ಕೂರುತ್ತಿದ್ದರಂತೆ.

"ಎಂಜಿನ್ ಪೈಲ್ವಾನಂದು, ಕಾಲು ಕೂಸಿಂದು. ಹಿಂದಿನ ಎಕ್ಸಲ್ ಹ್ಯಾಂಗ ತಡೀಬೇಕ್ರಿ?" ಅಂದೆ.

"ನೀವು ಮಾಡಿಕೊಟ್ರ ತಡೀತೈತಿ."

"ಹೊಗಳಿದ್ರ ರೇಟ್ ಕಡಿಮಿ ಆಗೂದಿಲ್ಲ."

"ಜಾಸ್ತಿ ಆದ್ರೂ ಹೊಗಳ್ತೀನ್ರಿ," ಅಂದು ಮತ್ತೆ ನಕ್ಕ.

ರೋಣದಲ್ಲಿ ಈ ಅಂಗಡಿ ಹಾಕಿದವರು ನಮ್ಮಪ್ಪ ಗೋಣೆಪ್ಪ. ಕಣ್ಣು ಮಂಜಾದ ಮೇಲೆ ಲೇಥನ್ನು ನನಗೆ ಬಿಟ್ಟುಕೊಟ್ಟರು, ಜೊತೆಗೆ ಒಂದು ಮಾತನ್ನೂ ಹೇಳಿದರು: "ಮಹೇಶ್ವರಿ, ಮುರಿದಿದ್ದು ಯಾಕ ಮುರೀತು ಅಂತ ತಿಳೀದ ಹೊಸಾದು ಮಾಡಿ ಕೊಡಬ್ಯಾಡ." ಆ ಸಲ ಎಂಜಿನ್ನಿನ ಜೋರಿಗೆ ಮುರಿದಿದೆ ಎಂದು ತಿಳಿದೆ. ಒಳ್ಳೆಯ ಉಕ್ಕಿನಲ್ಲಿ ಶಾಫ್ಟ್ ಕಡೆದು, ಹುಬ್ಬಳ್ಳಿಗೆ ಕಳಿಸಿ ಕಾಸಿ ಗಟ್ಟಿ ಮಾಡಿಸಿ ಕೊಟ್ಟೆ.

ಎರಡೇ ತಿಂಗಳಿಗೆ ಮತ್ತೆ ಬಂದ. ಒಂದು ಕೈಯಲ್ಲಿ ಮುರಿದ ಶಾಫ್ಟ್, ಇನ್ನೊಂದರಲ್ಲಿ ಬಿಸಿ ಮಿರ್ಚಿಯ ಪೊಟ್ಟಣ.

"ಮತ್ತ ಮುರೀತ್ರಿ, ಮೇಸ್ತ್ರಿ."

"ಮುರದದ್ದಕ್ಕ ಇಷ್ಟು ಖುಷಿ ಪಡೋರನ್ನ ನಾ ಇವತ್ತ ನೋಡಿದ್ದು."

ಅವನು ಪೊಟ್ಟಣ ಬಿಚ್ಚಿ ಮುಂದಿಟ್ಟ. ನಾನು ಮಿರ್ಚಿ ಕಚ್ಚಿ ಖಾರಕ್ಕೆ ಉಸ್ ಅಂದಾಗ ನೀರಿನ ಬಾಟಲಿ ಮುಂದೆ ಹಿಡಿದ. ಬಾಟಲಿ ಬಿಡುವುದಕ್ಕೆ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡ. ನಾನೂ ಎಳೆದುಕೊಳ್ಳಲಿಲ್ಲ.

ಆಮೇಲೆ ಶಾಫ್ಟನ್ನು ಬೆಳಕಿಗೆ ಹಿಡಿದೆ. ಒಳತುದಿಯ ಹಲ್ಲುಗಳು ಹಗ್ಗದ ಹುರಿಯ ಹಾಗೆ ತಿರುಚಿಕೊಂಡಿದ್ದವು. ಒಂದೇ ಏಟಿಗೆ ಮುರಿದದ್ದಲ್ಲ ಅದು. ಎರಡು ಗಾಲಿಗಳು ಒಂದಕ್ಕೊಂದು ಜಗ್ಗಾಡಿ, ದಿನವೂ ಇಷ್ಟಿಷ್ಟು ತಿರುಚಿ ಮುರಿದದ್ದು. ಮತ್ತೊಂದು ಶಾಫ್ಟ್ ಮಾಡಿಕೊಟ್ಟೆ. ಅದನ್ನು ಹಾಕಿಕೊಂಡು ಹೊರಟ ಕಾರು ಬಸ್‌ಸ್ಟ್ಯಾಂಡ್ ತಿರುವಿನಲ್ಲಿ ಹೊರಳುವಾಗ ಹಿಂದಿನ ಟಯರ್ ಕಿರ್ರ್ ಅಂದಿತು. ನನ್ನ ಅನುಮಾನ ಖಾತ್ರಿಯಾಯಿತು.

ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ಓಡಬೇಕು, ಒಳಗಿನದು ಕಡಿಮೆ. ಅದಕ್ಕೆ ದಾರಿ ಮಾಡಿಕೊಡುವ ಸಣ್ಣ ಹಲ್ಲುಚಕ್ರಗಳು ಡಿಫರೆನ್ಸಿಯಲ್ ಒಳಗಿರುತ್ತವೆ. ಇವನು ಅವನ್ನೇ ವೆಲ್ಡ್ ಮಾಡಿ ಕೂಡಿಸಿಬಿಟ್ಟಿದ್ದ. ಕರಿಮಣ್ಣಿನ ಎರಿಹೊಲದವರ ಜಾಣತನ ಅದು. ಮಳೆಯಾದರೆ ಒಂದು ಗಾಲಿ ಕೆಸರಿನಲ್ಲಿ ಸುಮ್ಮನೆ ತಿರುಗುತ್ತದೆ. ಟ್ರ್ಯಾಕ್ಟರಿನಲ್ಲಿ ಲಾಕ್ ತುಳಿದರೆ ಎರಡೂ ಕೂಡಿ ಜಗ್ಗಿ ಮೇಲೆ ಬರುತ್ತವೆ. ಕಾರಿಗೂ ಹಾಗೇ ಆಗಲಿ ಅಂದುಕೊಂಡಿದ್ದ. ಆದರೆ ಟ್ರ್ಯಾಕ್ಟರಿನ ಲಾಕನ್ನು ಡಾಂಬರು ರಸ್ತೆಗೆ ಬಂದ ಮೇಲೆ ಬಿಡುತ್ತಾರೆ. ವೆಲ್ಡನ್ನು ಬಿಡುವುದು ಹೇಗೆ?

ಅದನ್ನು ಅವನಿಗೆ ಹೇಳಬೇಕಿತ್ತು. ಡಿಫರೆನ್ಸಿಯಲ್ ಬಿಚ್ಚಿ ಹೊಸ ಹಲ್ಲುಚಕ್ರ ಹಾಕಿದರೆ ಒಂದು ದಿನದ ಕೆಲಸ. ಆಮೇಲೆ ಎಕ್ಸಲ್ ಮುರಿಯುವುದಿಲ್ಲ. ಮುರಿಯದಿದ್ದರೆ ಇವನು ರೋಣಕ್ಕೆ ಯಾಕೆ ಬರುತ್ತಾನೆ?

ನಗಬೇಡಿ. ಇಪ್ಪತ್ತೊಂಬತ್ತು ವರ್ಷದವಳಾಗಿ, ಕೈಯೆಲ್ಲ ಕಬ್ಬಿಣದ ಚೂರು ಚುಚ್ಚಿದ ಗಾಯ ಇಟ್ಟುಕೊಂಡು, ಮೊದಲ ಸಲ ಒಬ್ಬರಿಗಾಗಿ ಕಾಯುತ್ತಿದ್ದೆ. ಮುಂದಿನ ಸಲ ಹೇಳಿದರಾಯಿತು ಅಂದುಕೊಂಡೆ.

ಮುಂದಿನ ಸಲ ಅವನು ಗ್ರೀಸ್ ಹಾಕಿಸುವ ನೆವದಲ್ಲಿ ಬಂದ. ಅದರ ಮುಂದಿನ ಸಲ ನಟ್ಟು ಬಿಗಿ ಮಾಡಿಸಲು. ಬಿಗಿಯಾಗಿದ್ದ ನಟ್ಟನ್ನೇ ನಾನು ಬಿಗಿ ಮಾಡಿದೆ.

"ಅವ್ವಗ ನಿಮ್ಮ ಸುದ್ದಿ ಹೇಳೀನ್ರಿ," ಅಂದ ಒಂದು ಸಂಜೆ, ಚಪ್ಪಲಿ ನೋಡುತ್ತ.

"ಏನಂತ?"

"ಬಾಯಿ ಜೋರು ಐತಿ ಅಂತ."

"ಅದಕ್ಕ ಅವರೇನಂದ್ರು?"

"ಮನ್ಯಾಗ ನಾ ಒಬ್ಬಾಕೀನ ಮಾತಾಡಿ ಸಾಕಾಗೇತಿ, ಲಗೂ ಕರ್ಕೊಂಡು ಬಾ ಅಂದ್ಲು. ಸೋಮವಾರ ಬರ್ತೀವ್ರಿ, ಹೆಣ್ಣು ಕೇಳಾಕ."

ಸೋಮವಾರ ನಾನು ಕೈಯನ್ನು ಮೂರು ಸಲ ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದು ಕಾದೆ. ಅವನ ತಾಯಿ ದೇವವ್ವ ಮೊದಲು ಕಾಲಕಾಲೇಶ್ವರನಿಗೆ ಕಾಯಿ ಒಡೆಸೋಣ ಅಂದರಂತೆ. ಒಡೆಸಿಕೊಂಡು ರೋಣದ ಕಡೆ ಬರುವಾಗ, ಗಜೇಂದ್ರಗಡದ ಗುಡ್ಡದ ತಿರುವಿನಲ್ಲಿ ಎಕ್ಸಲ್ ಮುರಿಯಿತು. ಮೊದಲೆರಡು ಸಲ ಒಳತುದಿಯಲ್ಲಿ ಮುರಿದದ್ದರಿಂದ ಗಾಲಿ ನಿಂತಿತ್ತು. ಈ ಸಲ ಹೊರತುದಿಯಲ್ಲಿ ಮುರಿದು ಗಾಲಿಯೇ ಕಳಚಿ ಹೋಯಿತು. ಕಾರು ಚರಂಡಿಗೆ ಇಳಿಯಿತು. ಅವನಿಗೆ ಮೊಣಕೈ ತರಚಿತು, ಅಷ್ಟೇ. ದೇವವ್ವನ ತಲೆಗೆ ಬಾಗಿಲಿನ ಕಂಬ ಬಡಿದು, ಎರಡನೆಯ ದಿನ ಗದಗಿನ ದವಾಖಾನೆಯಲ್ಲಿ ತೀರಿಕೊಂಡರು. ನಾನು ಅವರ ಮುಖವನ್ನೇ ನೋಡಲಿಲ್ಲ.

ತಿಂಗಳ ಮೇಲೆ ಹಾಲೇಶ ಕಾರಿನ ಹಿಂಭಾಗವನ್ನು ಟ್ರ್ಯಾಕ್ಟರಿಗೆ ಎತ್ತಿ ಕಟ್ಟಿ ಎಳೆದು ತಂದ. ತಲೆ ಬೋಳಿಸಿದ್ದ, ಕೂದಲು ಸಣ್ಣಗೆ ಚಿಗುರಿತ್ತು.

"ನರಗುಂದದವ್ರೊಬ್ರು ತೊಗೊಳ್ತಾರಂತ. ಮಾರೂಕಿಂತ ಮೊದ್ಲ ಸರಿ ಮಾಡಿ ಕೊಡ್ರಿ. ಅವರ ಮನ್ಯಾಗೂ ತಾಯಿ ಇರ್ತಾಳ."

ಇಬ್ಬರೂ ಕೂಡಿ ಬಿಚ್ಚಿದೆವು. ಕರಿ ಎಣ್ಣೆ ಬಸಿದು ಹೋದ ಮೇಲೆ ಆ ವೆಲ್ಡಿನ ಗಂಟು ಕಂಡಿತು.

"ನಾನ ಮಾಡಿದ್ದು," ಅಂದ. "ಗಾಡಿ ನೋಡಿದ ಮೆಕ್ಯಾನಿಕ್ ಹೇಳಿದ, ಇದರಿಂದನ ಮುರೀತು ಅಂತ. ನಾ ಮೊದ್ಲ ಬಿಚ್ಚಿ ತೋರಿಸಿದ್ರ ನೀವು ಹಿಡೀತಿದ್ರಿ. ತೋರಿಸಲಿಲ್ಲ. ನಿಮ್ಮದೇನೂ ತಪ್ಪಿಲ್ರಿ."

ಜೇಬಿನಿಂದ ಹಸಿರು ಕುಪ್ಪಸದ ಖಣವೊಂದನ್ನು ತೆಗೆದು ಬೆಂಚಿನ ಮೇಲೆ ಇಟ್ಟ. ಮಡಿಕೆ ಇನ್ನೂ ಬಿಚ್ಚಿರಲಿಲ್ಲ.

"ನಿಮಗ ಉಡಿ ತುಂಬಾಕ ಅವ್ವ ಹಿಡ್ಕೊಂಡು ಬಂದಿದ್ಲು. ವರ್ಷ ಕಳೀಲಿ, ಅಕ್ಕನ್ನ ಕರ್ಕೊಂಡು ಬಂದು ಕೇಳ್ತೀನಿ. ಅವ್ವನ ಆಸೆನೂ ಇದ ಇತ್ತಲ್ರಿ."

ನಾನು ಸುಮ್ಮನಿದ್ದರೆ ಸಾಕಿತ್ತು. ಖಣ ಎತ್ತಿಕೊಂಡು ಕಣ್ಣಿಗೆ ಒತ್ತಿಕೊಂಡಿದ್ದರೆ ಈ ಮನುಷ್ಯ ಜೀವಮಾನವಿಡೀ ನನ್ನವನಾಗುತ್ತಿದ್ದ. ದೇವರಾಣೆ, ನನಗೆ ಅದೇ ಬೇಕಿತ್ತು. ಕೈ ಮುಂದೆ ಹೋಯಿತು ಕೂಡ.

"ನನಗ ಗೊತ್ತಿತ್ರಿ," ಅಂದೆ.

"ಏನು?"

"ಎರಡನೇ ಸಲ ಶಾಫ್ಟ್ ತಂದಾಗನ ಗೊತ್ತಾತು, ಒಳಗ ವೆಲ್ಡ್ ಐತಿ ಅಂತ. ಮತ್ತ ಮುರೀತೈತಿ, ಗಾಲಿನೂ ಕಳಚಬಹುದು ಅಂತನೂ ಗೊತ್ತಿತ್ತು. ಹೇಳಲಿಲ್ಲ."

"ಯಾಕ್ರಿ?"

"ಸರಿಯಾದ್ರ ನೀವು ಬರೂದಿಲ್ಲಂತ."

ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಸ್ಪ್ಯಾನರ್ ಎತ್ತಿಕೊಂಡು ಕೆಲಸಕ್ಕೆ ಕೂತ. ಹೊಸ ಹಲ್ಲುಚಕ್ರಗಳನ್ನು ಕೂರಿಸಿ, ಶಾಫ್ಟ್ ಹಾಕಿ, ಒಂದೊಂದೇ ಬೋಲ್ಟು ಬಿಗಿ ಮಾಡುವವರೆಗೂ ಇಬ್ಬರೂ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ.

"ಎಷ್ಟು ದಿನ ಬಾಳ್ತೈತ್ರಿ ಇದು?"

"ಇಪ್ಪತ್ತು ವರ್ಷ ಅಲುಗಾಡೂದಿಲ್ಲ."

ಕೈ ಒರೆಸಿಕೊಂಡು ಖಣವನ್ನು ಎತ್ತಿಕೊಂಡ.

"ಸಿಟ್ಟಿಲ್ಲ ಮಹೇಶ್ವರಿ," ಅಂದ. ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನನಗಾಗಿನ ಸುಮ್ಮನಿದ್ರಿ, ತಿಳೀತೈತಿ. ನಾನೂ ನಿಮ್ಮನ್ನ ಭಾಳ ಹಚ್ಚಿಕೊಂಡೀನಿ. ಆದ್ರ ದಿನಾ ನಿಮ್ಮ ಮಾರಿ ನೋಡಿ, ದಿನಾ ಅವ್ವನ್ನ ನೆನಸಿಕೊಂಡು ಹ್ಯಾಂಗ ಬಾಳ್ವೆ ಮಾಡ್ಲಿ? ಇದನ್ನ ಅಕ್ಕಗ ಕೊಡ್ತೀನ್ರಿ."

"ಕೊಡ್ರಿ," ಅಂದೆ.

ಕಾರು ನರಗುಂದದ ದಾರಿ ಹಿಡಿಯಿತು. ಎದುರಿನ ಚಹಾದಂಗಡಿಯವರು ಇತ್ತ ನೋಡುತ್ತಿದ್ದರು. ನಾನು ಒಳಗೆ ಬಂದು ಲೇಥ್ ಚಾಲೂ ಮಾಡಿ, ಅದರ ಸದ್ದು ಜೋರಾಗುವವರೆಗೆ ಕಾದು, ಆಮೇಲೆ ಅತ್ತೆ. ಸಂಜೆಯವರೆಗೂ ಅದನ್ನು ಖಾಲಿಯೇ ತಿರುಗಿಸಿದೆ.